ಅಪ್ಪ ಹೋದ್ಮೇಲಿನ ಮೊದಲ ಕೊಯ್ಲು: ಓದುಗರ ಸ್ಪಂದನ

(ಹೋದ ಸಲ ಬಂದ ಪತ್ರ ಓದದೇ ಇದ್ದವರಿಗೆ: ತೀರ್ಥಹಳ್ಳಿ ಕಡೆಯ 27 ವರ್ಷದ ಹುಡುಗಿ, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಜುಲೈನಲ್ಲಿ ಅಪ್ಪ ಹಾರ್ಟ್ ಅಟ್ಯಾಕ್ ಆಗಿ ಹೋದ್ರು, 53 ವರ್ಷ. ಎರಡೂವರೆ ಎಕರೆ ಅಡಿಕೆ ತೋಟ, ಸೊಸೈಟಿ ಸಾಲ, ಎಲ್‌ಐಸಿಯಿಂದ ಬಂದ 4 ಲಕ್ಷ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದ್ತಿರೋ ತಮ್ಮ, ಊರಲ್ಲಿ ಅಮ್ಮ ಒಬ್ರೇ. ಕೆಲಸ ಬಿಡ್ಲಾ, ತೋಟ ಚೇಣಿಗೆ, ಅಂದ್ರೆ ಫಸಲು ಗುತ್ತಿಗೆಗೆ ಕೊಡ್ಲಾ, ವರ್ಷದೊಳಗೆ ಮದುವೆ ಆಗು ಅನ್ನೋ ನೆಂಟರಿಗೆ ಏನ್ ಹೇಳ್ಲಿ ಅಂತ ಕೇಳಿದ್ರು. ಅಂಗಡೀಲಿ ಯಾವ ಸೋಪು ತಗೊಳ್ಳೋದು ಅಂತ್ಲೂ ಗೊತ್ತಾಗ್ದೆ ನಿಂತ್ಬಿಡ್ತೀನಿ ಅಂತ್ಲೂ ಬರೆದಿದ್ರು.)

ಕೊಪ್ಪದವನು, ಈಗ ಬೆಂಗಳೂರು

ಸೋಪಿನ ವಿಷಯ ಓದಿ ನಂಗೆ ನನ್ನದೇ ನೆನಪಾಯ್ತು, ನಮ್ಮಪ್ಪ ಹೋಗಿ ಎರಡು ತಿಂಗಳಿಗೆ ನಾನು ಆಫೀಸಲ್ಲಿ ಒಂದೇ ಇನ್‌ವಾಯ್ಸ್ ಎರಡು ಸಲ ಕಳಿಸಿ ಬೈಸ್ಕೊಂಡಿದ್ದೆ, ಮನೆಗೆ ಬಂದು ಹಾಲು ಉಕ್ಕಿಸ್ಕೊಂಡು ಗ್ಯಾಸ್ ಕಟ್ಟೆ ಮುಂದೆ ಅಳ್ತಾ ಕೂತಿದ್ದೆ. ನೀವು ಅಕೌಂಟ್ಸ್ ಅಂತೀರ, ಅಂಕಿ ತಪ್ಪೋ ಕೆಲಸ ಅದು, ಹಾಗಾಗಿ ಮ್ಯಾನೇಜರ್ ಹತ್ರ ನೇರ ಹೇಳ್ಬಿಡಿ, ಇನ್ನೆರಡು ತಿಂಗಳು ನಂದು ಇನ್ನೊಬ್ಬರು ಚೆಕ್ ಮಾಡ್ಲಿ ಅಂತ. ನಾನು ಹೇಳೋಕೆ ನಾಚ್ಕೊಂಡು ಹಾಳಾದೆ. ಕೆಲಸ ಬಿಡೋದು ಮಾತ್ರ ಈಗ ಬೇಡ. ಕೊಯ್ಲಿನ ಟೈಮಲ್ಲಿ ಒಂದು ತಿಂಗಳು ವರ್ಕ್ ಫ್ರಮ್ ಹೋಮ್ ಕೇಳಿ, ಮೇಲ್‌ನಲ್ಲೇ ಕೇಳಿ. ಊರಲ್ಲಿ ನೆಟ್‌ವರ್ಕ್ ಸಿಗತ್ತಾ ಮೊದಲು ನೋಡ್ಕೊಳ್ಳಿ ಮಾರಾಯ್ರೆ, ನಾನು ಕಾಲ್ ಬಂದಾಗೆಲ್ಲ ಮನೆ ಹಿಂದಿನ ಗುಡ್ಡ ಹತ್ತಿದೀನಿ.

ಸೊಸೈಟಿ ನಿವೃತ್ತ ಕಾರ್ಯದರ್ಶಿ, ಹೊಸನಗರ

ತಂಗಿ, ದೊಡ್ಡ ನಿರ್ಧಾರ ಎಲ್ಲ ಆಮೇಲೆ, ತಾರೀಕು ಇರೋ ಕೆಲಸ ಮೊದಲು. ಬೆಳೆ ಸಾಲ ಆಗಿದ್ರೆ 5 ಲಕ್ಷದವರೆಗೂ ಬಡ್ಡಿ ಸೊನ್ನೆ, ಆದ್ರೆ ಗಡುವಿನೊಳಗೆ ಕಟ್ಟಿದ್ರೆ ಮಾತ್ರ, ಒಂದು ದಿನ ತಪ್ಪಿದ್ರೂ ಆ ಸೌಲಭ್ಯ ಹೋಗಿ ಬಡ್ಡಿ ಬೀಳತ್ತೆ. ಅಪ್ಪ ತೀರ್ಕೊಂಡ್ರು ಅಂತ ಸಾಲ ತಾನಾಗೇ ತೀರಲ್ಲ. ಅಮ್ಮನ್ನ ಕರ್ಕೊಂಡು ಸೊಸೈಟಿಗೆ ಹೋಗಿ ಅಸಲು ಎಷ್ಟು, ಗಡುವು ಯಾವತ್ತು ಅಂತ ಬರೆಸ್ಕೊಂಡು ಬನ್ನಿ.

ಆಮೇಲೆ ಪಾಸ್‌ಬುಕ್. ಮೇ ಅಥವಾ ಜೂನಲ್ಲಿ 436 ರೂಪಾಯಿ ಕಟ್ ಆಗಿದ್ಯಾ ನೋಡಿ. ಆಗಿದ್ರೆ ಅದು ಜೀವನ ಜ್ಯೋತಿ ವಿಮೆ, 55 ತುಂಬೋವರೆಗೂ ಇರತ್ತೆ, 2 ಲಕ್ಷ ಬರತ್ತೆ. ಎಷ್ಟೋ ಮನೇಲಿ ಅದು ಕಟ್ ಆಗ್ತಿದ್ದಿದ್ದೇ ಗೊತ್ತಿರಲ್ಲ, ನಾವೇ ಫೋನ್ ಮಾಡಿ ಕರೆಸಿದ್ದುಂಟು. 20 ರೂಪಾಯಿದೂ ಒಂದಿರತ್ತೆ, ಅದು ಅಪಘಾತಕ್ಕೆ ಮಾತ್ರ, ನಿಮಗೆ ಬರಲ್ಲ. ಅಪ್ಪನ ಎಟಿಎಂ ಕಾರ್ಡಲ್ಲಿ ದುಡ್ಡು ತೆಗೀಬೇಡಿ, ಪಿನ್ ಗೊತ್ತಿದೆ ಅಂತ ಎಲ್ರೂ ತೆಗೀತಾರೆ, ಆಮೇಲೆ ತಾಪತ್ರಯ.

ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇರತ್ತಲ್ಲ, ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರೀಲಿ ಪೌತಿ ಖಾತೆಗೆ (ತೀರ್ಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡೋದು) ಅರ್ಜಿ ಕೊಡಿ, ಅಮ್ಮ, ನೀವು, ತಮ್ಮ ಮೂರೂ ಜನರ ಹೆಸರಿಗೆ ಜಂಟಿಯಾಗಿ. ಅಜ್ಜಿ, ಅಂದ್ರೆ ಅಪ್ಪನ ಅಮ್ಮ ಇದ್ರೆ ಅವರದ್ದೂ ಪಾಲಿರತ್ತೆ, ಬಿಡ್ಬೇಡಿ. ಪೌತಿ ಅಂದ್ರೆ ಪಾಲಲ್ಲ, ಪಾಲು ಯಾವಾಗ ಬೇಕಾದ್ರೂ ಮಾಡ್ಕೋಬಹುದು. ಯಾರಾದ್ರೂ ನೀನು ಹೆಣ್ಣು, ನಾಳೆ ಹೋಗೋಳು, ಹಕ್ಕು ಬಿಡುಗಡೆಗೆ ಒಂದು ಸೈನ್ ಹಾಕು ಅಂದ್ರೆ ಅವತ್ತು ಪೆನ್ನು ಮುಟ್ಟಬೇಡಿ. ತಮ್ಮನ ಮೇಲೆ ಪ್ರೀತಿ ಇದ್ರೂ ಸರಿ, ಈ ವರ್ಷ ಬೇಡ.

ಇನ್ನೊಂದು, ಅಪ್ಪ ನಂಗೆ ಕೊಡ್ಬೇಕಿತ್ತು ಅಂತ ಬರೋರು ಹದಿಮೂರರ ಊಟ ಮುಗಿಯೋಷ್ಟರಲ್ಲೇ ಬರ್ತಾರೆ. ಅಪ್ಪಂಗೆ ಕೊಡಬೇಕಾದೋರು ಬರಲ್ಲ. ಅಪ್ಪ ಲೆಕ್ಕದ ಪುಸ್ತಕ ಇಟ್ಟಿದ್ರಾ? ಕೊನೆಗೌಡನಿಗೆ (ಮರ ಹತ್ತಿ ಅಡಿಕೆ ಗೊನೆ ಇಳಿಸೋನು) ಮುಂಗಡ ಕೊಟ್ಟಿದ್ದು ಅದರಲ್ಲೇ ಇರತ್ತೆ.

ಆಗುಂಬೆ ಹತ್ರದ ಕೃಷಿಕ

ಎರಡನೇ ಔಷಧಿ ಹೊಡೆಸೋಕೆ ಆಗ್ಲಿಲ್ಲ, ಕೊಳೆ ರೋಗ ಬಂತು, ಅಪ್ಪನ ತೋಟ ನನ್ನಿಂದ ಹಾಳಾಯ್ತು ಅಂತ ಬರೆದಿದೀರಿ. ನಾನು ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ ಅಂತ ಅಳೆದು ಎರಡೂ ಸಲ ಹೊಡೆಸಿದ್ದೆ. ನಮ್ಮಲ್ಲೂ ಬಂತು. ಮಳೆ ಹೊಳವು (ಬಿಡುವು) ಕೊಡದಿದ್ರೆ ಯಾರೆಂತ ಮಾಡದು. ಅದು ನಿಮ್ಮ ಲೆಕ್ಕಕ್ಕಲ್ಲ.

ವರ್ಷದೊಳಗೆ ಮದುವೆ ಆದವಳು, ಶಿವಮೊಗ್ಗ

ನಿಮಗೆ ಹೇಳ್ತಿರೋದನ್ನೇ ನಂಗೂ ಹೇಳಿದ್ರು, ವರ್ಷದೊಳಗೆ ಮಾಡಿದ್ರೆ ಕನ್ಯಾದಾನದ ಪುಣ್ಯ ಅಪ್ಪಂಗೆ ಸೇರತ್ತೆ, ಇಲ್ಲಾಂದ್ರೆ ಮೂರು ವರ್ಷ ಕಾಯ್ಬೇಕು ಅಂತ. ಅಪ್ಪಂಗೆ ಸೇರತ್ತೆ ಅಂದ್ಮೇಲೆ ಬೇಡ ಅನ್ನೋದು ಹೆಂಗೆ ಹೇಳಿ, ಆ ಮಾತಲ್ಲೇ ಕಟ್ಟಿಹಾಕ್ತಾರೆ. ಒಂಬತ್ತನೇ ತಿಂಗಳಿಗೆ ಆಯ್ತು, ವಿಮೆ ದುಡ್ಡು ಪೂರ್ತಿ ಛತ್ರಕ್ಕೆ, ಊಟಕ್ಕೆ, ಬಂಗಾರಕ್ಕೆ. ನನ್ನ ಗಂಡ ಒಳ್ಳೆಯವರೇ, ದೂರಲ್ಲ ಇದು. ಆದ್ರೆ ಮದುವೆ ಫೋಟೋದಲ್ಲಿ ನನ್ನ ಮುಖ ನಂಗೇ ಗುರುತು ಸಿಗಲ್ಲ, ಮತ್ತೆ ಮುಂದಿನ ಮಳೆಗಾಲಕ್ಕೆ ಅಮ್ಮನ ಕೈಲಿ ಹಂಚು ಬದಲಾಯ್ಸೋಕೂ ದುಡ್ಡಿರ್ಲಿಲ್ಲ.

ಆ 4 ಲಕ್ಷ ಮುಟ್ಟೋಕೆ ಕೈ ಬರಲ್ಲ, ಅಪ್ಪನ್ನ ಮಾರಿದ ಹಾಗೆ ಅನ್ಸತ್ತೆ ಅಂದ್ರಲ್ಲ, ಮುಟ್ಟಬೇಡಿ ಬಿಡಿ. ಅಮ್ಮ ನಾಮಿನಿ ಆಗಿದ್ರೆ ದುಡ್ಡು ಅಮ್ಮನ ಕೈಗೇ ಬರತ್ತೆ, ಅಮ್ಮನ ಹೆಸರಲ್ಲೇ ಒಂದು ವರ್ಷಕ್ಕೆ ಎಫ್‌ಡಿ ಇಟ್ಬಿಡಿ. ಕೇಳಿದೋರಿಗೆಲ್ಲ ಎಫ್‌ಡೀಲಿ ಇದೆ, ತೆಗಿಯೋಕೆ ಆಗಲ್ಲ ಅನ್ನಿ. ತೆಗಿಯೋಕೆ ಆಗತ್ತೆ, ಅದು ಅವರಿಗೆ ಯಾಕೆ.

ಹೆಸರು ಬೇಡ

ನಾನು ನಲವತ್ತನೇ ದಿನಕ್ಕೆ ರಿಸೈನ್ ಮಾಡಿ ಊರಿಗೆ ಬಂದೆ. ಅಡಿಕೆ ದುಡ್ಡು ವರ್ಷಕ್ಕೊಂದು ಸಲ, ಖರ್ಚು ದಿನಾ. ಪಶ್ಚಾತ್ತಾಪ ಇದ್ಯಾ ಅಂದ್ರೆ ಬೆಳಗ್ಗೆ ಇಲ್ಲ, ರಾತ್ರಿ ಇದೆ.

ಸಾಗರದ ಒಬ್ಬ ತಾಯಿ

ಮಗಾ, ನಿನ್ನ ಪತ್ರ ಎರಡು ಸಲ ಓದ್ದೆ. ಚಿಕ್ಕಪ್ಪ ಹೀಗಂದ, ಮಾವ ಹೀಗಂದ, ತಮ್ಮ ಹೀಗಂದ ಅಂತ ಎಲ್ಲ ಇತ್ತು. ಅಮ್ಮ ಎಂತ ಅಂದ್ಲು ಅಂತ ಎಲ್ಲೂ ಇರ್ಲಿಲ್ಲ. ಒಬ್ಳೇ ಇದಾಳೆ, ಒಬ್ಳೇ ಇದಾಳೆ ಅಂತ ಮಾತ್ರ ನಾಲ್ಕು ಕಡೆ ಇತ್ತು.

ನಮ್ಮನೆಯವರು ಹೋದಾಗ ನನ್ನ ಮಕ್ಳೂ ಹಾಗೇ. ಜಗುಲೀಲಿ ಕೂತ್ಕೊಂಡು ಮೂರು ಜನ ಮಾತಾಡಿದ್ರು, ನಾನು ಒಳಗಿಂದ ಕಾಫಿ ತಂದು ಕೊಟ್ಟೆ, ತೋಟ ಚೇಣಿಗೆ ಆಯ್ತು. ಒಳ್ಳೇದಕ್ಕೇ ಮಾಡಿದ್ದು, ಅಮ್ಮಂಗೆ ಕಷ್ಟ ಬೇಡ ಅಂತ. ಆ ವರ್ಷ ಚೇಣಿಯವರು ಕೊನೆ ಕೊಯ್ದು ಲಾರಿಗೆ ಹಾಕ್ಕೊಂಡು ಹೋದ್ರು, ಅಂಗಳದಲ್ಲಿ ಒಂದು ಅಡಿಕೆ ಬೀಳ್ಲಿಲ್ಲ. ಇಪ್ಪತ್ತೆಂಟು ವರ್ಷ ಆ ಕಾಲಕ್ಕೆ ನಂಗೆ ರಾತ್ರಿ ಹನ್ನೊಂದರವರೆಗೂ ಕೆಲಸ, ಸುಲಿಯೋ ಹೆಂಗಸರಿಗೆ ಚಾ, ಅವರ ಗಲಾಟೆ, ಹಂಡೆ ಒಲೆ. ಅವರು ಹೋದ ದುಃಖ ಒಂದು ಥರ, ಈ ಖಾಲಿ ಅಂಗಳ ಇನ್ನೊಂದು ಥರ. ಯಾರ ಹತ್ರ ಹೇಳದು.

ಹಾಗಂತ ಚೇಣಿ ಕೊಡ್ಲೇಬೇಡ ಅನ್ನಲ್ಲ. ನಿಮ್ಮಮ್ಮಂಗೆ ಸಾಕಾಗಿರ್ಲಿಕ್ಕೂ ಸಾಕು. ಕೊಟ್ರೆ ಹಸಿ ಅಡಿಕೆ ನಿಮ್ಮ ಕಣ್ಣೆದುರೇ ತೂಕ ಆಗ್ಲಿ, ಕರಾರು ಕಾಗದದ ಮೇಲಿರ್ಲಿ, ಒಂದೇ ವರ್ಷಕ್ಕೆ ಕೊಡಿ. ಇಲ್ಲದಿದ್ರೆ ಅರ್ಧ ತೋಟ ಕೊಟ್ಟು ಅರ್ಧ ಇಟ್ಕೊಳಿ, ಹಾಗೂ ಮಾಡೋರಿದಾರೆ.

ಆದ್ರೆ ಮೊದಲು ಕೇಳು. ಫೋನಲ್ಲಿ ಕೇಳ್ಬೇಡ, ನೀ ಹೇಳಿದಂಗೆ ಆಗ್ಲಿ ಅಂತಾಳೆ ಅಷ್ಟೇ. ಊರಿಗೆ ಹೋದಾಗ ಅಡುಗೆಮನೇಲಿ ಏನಾದ್ರೂ ಹೆಚ್ತಾ ಕೂತು ಕೇಳು, ಅಮ್ಮಾ ಈ ಸಲ ಚೊಗರು (ಅಡಿಕೆ ಬೇಯಿಸೋ ಕೆಂಪು ನೀರು) ಯಾರು ನೋಡ್ಕೊಳ್ಳೋದು ಅಂತ. ಎಷ್ಟು ಹದ ಬೇಕು, ಅಡಿಕೆ ಯಾವಾಗ ತೆಗೀಬೇಕು, ಅದೆಲ್ಲ ನಿಮ್ಮಪ್ಪಂಗಿಂತ ಅವಳಿಗೇ ಜಾಸ್ತಿ ಗೊತ್ತಿರ್ತದೆ, ನಂಗೆ ಗೊತ್ತಿತ್ತು. ಅವಳು ಆ ಪ್ರಶ್ನೆಗೆ ಎಂತ ಹೇಳ್ತಾಳೆ ನೋಡು.

ಬೇಯಿಸ್ತೀನಿ ಅಂದ್ರೆ, ಮೊದಲ ಹಂಡೆ ಇಳಿಸೋ ದಿನ ರಜ ಹಾಕ್ಕೊಂಡು ಬಾ. ತಮ್ಮನ್ನೂ ಕರ್ಕೊಂಡು ಬಾ, ಹಂಡೆ ಭಾರ ಇರ್ತದೆ.