ಕಾಯಿಸಿ ಸೋಸಿದ ನೀರು ಮತ್ತು ಮಗಳ ಹಲ್ಲಿನ ಕಲೆ

ಪ್ರಶ್ನೆ: ನಮಸ್ಕಾರ ಸರ್. ನಾವು ಪಾವಗಡ ತಾಲ್ಲೂಕಿನವರು. ನಲ್ಲಿಯಲ್ಲಿ ಬರುವುದು ಕೊಳವೆಬಾವಿ ನೀರು. ಕಾಯಿಸಿ, ಆರಿಸಿ, ಕ್ಯಾಂಡಲ್ ಫಿಲ್ಟರ್‌ಗೆ ಹಾಕಿಯೇ ಕುಡಿಯುತ್ತೇವೆ. ಆದರೂ ಎಂಟು ವರ್ಷದ ಮಗಳಿಗೆ ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿವೆ. ಮೊನ್ನೆ ಮಾರಾಟಗಾರರೊಬ್ಬರು ಬಂದು ನಮ್ಮ ನೀರಿಗೆ ಕರೆಂಟಿನ ಕಡ್ಡಿ ಇಳಿಸಿದರು. ಎರಡೇ ನಿಮಿಷಕ್ಕೆ ಲೋಟದ ತುಂಬ ಕಂದು ಬಗ್ಗಡ! ಅವರ ಆರ್‌ಒ ಯಂತ್ರದ ನೀರು ತಿಳಿಯಾಗಿಯೇ ಇತ್ತು. ಕೊಳ್ಳಬೇಕೇ?

ಉತ್ತರ (ನೀರು ಪರೀಕ್ಷಾ ಪ್ರಯೋಗಾಲಯದ ರಸಾಯನತಜ್ಞ): ಅಮ್ಮಾ, ಆ ಬಗ್ಗಡ ನಿಮ್ಮ ನೀರಿನ ಕೊಳೆಯಲ್ಲ, ಕಬ್ಬಿಣದ ಕಡ್ಡಿ ಸವೆದು ಬಿಟ್ಟ ತುಕ್ಕು. ಲವಣವಿರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಆರ್‌ಒ ಯಂತ್ರ ಲವಣ ತೆಗೆದ ನೀರಿನಲ್ಲಿ ಹರಿಯುವುದು ತೀರ ಕಡಿಮೆ. ಅವರ ನೀರಿಗೂ ಒಂದು ಚಿಟಿಕೆ ಉಪ್ಪು ಹಾಕಿದರೆ ಅದೂ ಕಂದಾಗುತ್ತದೆ. ಹೀಗೆ ತಾಯಂದಿರನ್ನು ಹೆದರಿಸಿ ವ್ಯಾಪಾರ ಮಾಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ನಿಮ್ಮ ಆತಂಕ ಸುಳ್ಳಲ್ಲ. ನಿಮ್ಮ ಸೀಮೆಯ ಅಂತರ್ಜಲದಲ್ಲಿ ಬಂಡೆಯಿಂದ ಕರಗಿ ಬಂದ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚು; ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅದು ಅತಿಯಾದರೆ ಇಂಥ ಕಲೆ ಮೂಡುತ್ತದೆ. ಭಾರತೀಯ ಮಾನಕದಂತೆ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದ ಕಡೆ 1.5. ಕ್ಯಾಂಡಲ್ ಕೆಸರನ್ನು ತಡೆಯುತ್ತದೆ, ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಎರಡಕ್ಕೂ ಜಗ್ಗುವುದಿಲ್ಲ. ಕುದಿದು ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನಷ್ಟೇ ತೋರಿಸುವ ಟಿಡಿಎಸ್ ಮೀಟರ್ ಕೂಡ ಅದನ್ನು ಬೇರೆಯಾಗಿ ತೋರಿಸುವುದಿಲ್ಲ.

ಹಾಗಾಗಿ ಯಂತ್ರಕ್ಕಿಂತ ಮೊದಲು ಪರೀಕ್ಷೆ. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಶುಚಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ, ಒಂದು ಲೀಟರ್ ತುಂಬಿ ಪ್ರಯೋಗಾಲಯಕ್ಕೆ ಕೊಡಿ. ‘ಫ್ಲೋರೈಡ್, ನೈಟ್ರೇಟ್’ (ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ಲವಣ) ಎಂದು ಹೆಸರು ಹೇಳಿಯೇ ಕೇಳಿ. ಫ್ಲೋರೈಡ್ ಮಾತ್ರ ಹೆಚ್ಚಿದ್ದರೆ ಫ್ಲೋರೈಡನ್ನು ಹಿಡಿದಿಡುವ ಹರಳುಗಳಿರುವ ಸಕ್ರಿಯ ಅಲ್ಯೂಮಿನಾ ಫಿಲ್ಟರ್ ಸಾಕು; ಆ ಹರಳುಗಳನ್ನು ಆಗಾಗ ರಾಸಾಯನಿಕದಿಂದ ತೊಳೆದು ಪುನಶ್ಚೇತನಗೊಳಿಸಬೇಕು. ನೈಟ್ರೇಟ್ ಕೂಡ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಆರ್‌ಒ ಕೊಳ್ಳಿ. ಯಾವುದನ್ನೇ ಕೊಂಡರೂ ಆರು ತಿಂಗಳಿಗೊಮ್ಮೆ ಸೋಸಿ ಬಂದ ನೀರನ್ನೂ ಪರೀಕ್ಷಿಸಿ.

ಕಲೆಗೆ ಬೇರೆ ಕಾರಣವೂ ಇರಬಹುದು, ದಂತವೈದ್ಯರಿಗೆ ತೋರಿಸಿ. ಫ್ಲೋರೈಡಿನ ಕಲೆಯಾಗಿದ್ದರೆ ನೀರು ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಅವರ ಹಲ್ಲು ಉಳಿಯುತ್ತದೆ.

ಮರುಪ್ರಶ್ನೆ: ಮಗನಿಗೆ ಮೂರು ವರ್ಷ ಸರ್. ಅಡುಗೆಗೂ ಫ್ಲೋರೈಡ್ ತೆಗೆದ ನೀರೇ ಬೇಕೇ? ಆರ್‌ಒ ಹೊರಬಿಡುವ ನೀರನ್ನು ಎಮ್ಮೆಗೆ ಕುಡಿಸಬಹುದೇ?

ಉತ್ತರ: ಅಡುಗೆಗೂ ಬೇಕು, ಅನ್ನ, ಬೇಳೆ ಎಲ್ಲವೂ ನೀರನ್ನು ಹೀರಿಕೊಂಡೇ ಬೇಯುತ್ತವೆ. ಎಮ್ಮೆಗೆ ಮಾತ್ರ ಕುಡಿಸಬೇಡಿ. ಹೊರಬಿಟ್ಟ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ, ದನಕರುಗಳ ಹಲ್ಲು ಮೂಳೆಯನ್ನೂ ಅದು ಕೆಡಿಸುತ್ತದೆ. ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸಿ.