ನಾಟಕ ಕಂಪನಿ: ನಮ್ಮ ಮನಸ್ಸಿನ ನಾಟಕ ಆಡೋದಾ, ಗಲ್ಲಾ ತುಂಬೋ ನಾಟಕ ಆಡೋದಾ?

ಹೊಸಪರದೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾಲ್ಕು ಜನ ಪಾಲುದಾರರು ಸೇರಿ ವೃತ್ತಿ ನಾಟಕ ಕಂಪನಿ ಕಟ್ಟುತ್ತಿದ್ದೇವೆ. 12 ಕಲಾವಿದರು, 3 ವಾದ್ಯದವರು, ಪರದೆ-ಲೈಟು-ಗೇಟು ನೋಡಿಕೊಳ್ಳೋಕೆ 5 ಜನ. ಎರಡು ನಾಟಕ ರೆಡಿ ಇವೆ. ಒಂದು ಮೆಕ್ಕೆಜೋಳ ಬೆಳೆಯೋ ರೈತನ ಮನೆಯ ಸಾಲದ ಕಥೆ. ಹೊಸದಾಗಿ ಬರೆಸಿದ್ದು, 18 ಪಾತ್ರ, ಹಾಸ್ಯ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಅತ್ತೆ-ಸೊಸೆ ಕಾಮಿಡಿ, 11 ಪಾತ್ರ.

ನಿರ್ದೇಶಕರು ಮೊದಲನೇ ಕ್ಯಾಂಪಿಗೆ (ಒಂದೇ ಊರಲ್ಲಿ ವಾರಗಟ್ಟಲೆ ಬಿಡಾರ ಹೂಡಿ ಆಡೋದಕ್ಕೆ) ರೈತನ ನಾಟಕವೇ ಆಗಬೇಕು ಅಂತಾರೆ. ದುಡ್ಡು ಹಾಕಿರೋ ಇಬ್ಬರು ಪಾಲುದಾರರು ಕಾಮಿಡಿಯೇ ಇರಲಿ, ಅದಕ್ಕೂ ನಾಲ್ಕು ಡಬಲ್ ಮೀನಿಂಗ್ ಡೈಲಾಗ್ ಸೇರಿಸಿ ಅಂತಾರೆ. ಜಗಳ ಮುಗೀತಿಲ್ಲ. ಯಾವುದು ಮೊದಲು? ಹಾಸ್ಯ ಎಷ್ಟು ಬೇಕು? ಓಡದ ನಾಟಕವನ್ನು ಎಷ್ಟು ದಿನಕ್ಕೆ ಇಳಿಸಬೇಕು? ತಿಳಿದವರು ಹೇಳಿ.

ಲೆಕ್ಕದ_ಪುಸ್ತಕ

ದಿನದ ಖರ್ಚು ಎಷ್ಟು ಅಂತ ಬರೆದಿಡದೆ ಈ ಜಗಳ ಆಡಿದರೆ ಜೋರು ದನಿ ಇದ್ದವರೇ ಗೆಲ್ಲೋದು. 45 ದಿನದ ಕ್ಯಾಂಪ್ ಅಂತ ಇಟ್ಟುಕೊಳ್ಳಿ. ಕೆಳಗಿನ ದರ ಬರೀ ಉದಾಹರಣೆಗೆ, ನಿಮ್ಮವನ್ನು ಹಾಕಿಕೊಳ್ಳಿ.

ಕಲಾವಿದರು 12 × 900 = 10,800
ವಾದ್ಯದವರು 3 × 1,000 = 3,000
ಹಿಂದಿನ ಕೆಲಸದವರು 5 × 700 = 3,500
ಮೆಸ್ 20 × 150 = 3,000
ಜಾಗ ಮತ್ತು ತಗಡಿನ ಥೇಟರ್ ಬಾಡಿಗೆ 3,000
ಕರೆಂಟು, ಜನರೇಟರ್ ಡೀಸೆಲ್ 2,000
ಪ್ರಚಾರದ ಆಟೋ, ಪೋಸ್ಟರ್ 1,700

ಒಟ್ಟು 27,000. ಇದರ ಮೇಲೆ ಲಾರಿ, ಥೇಟರ್ ಕಟ್ಟೋ ಕೂಲಿ, ಪರವಾನಗಿ ಎಲ್ಲ ಸೇರಿ 1,80,000 ಆಯಿತು ಅನ್ನಿ. 45 ದಿನಕ್ಕೆ ಹಂಚಿದರೆ ದಿನಕ್ಕೆ 4,000. ಪರದೆ ಏಳುವ ಮೊದಲೇ ದಿನಕ್ಕೆ 31,000 ಸಾಲ. ಟಿಕೆಟ್ ಸರಾಸರಿ 100 ಬಿದ್ದರೆ ದಿನಾ 310 ಜನ ದುಡ್ಡು ಕೊಟ್ಟು ಒಳಗೆ ಬರಬೇಕು.

ಈಗ ವಾರದ ಲೆಕ್ಕ. ಶನಿವಾರ, ಭಾನುವಾರ ಎರಡೂ ಆಟ ಸೇರಿ ದಿನಕ್ಕೆ 700, ಉಳಿದ ಐದು ದಿನ 150ರಂತೆ ಬಂದರೆ 1,400 + 750 = 2,150. ಬೇಕಾದ್ದು 310 × 7 = 2,170. ಭಾನುವಾರ ಹೌಸ್‌ಫುಲ್ ಬೋರ್ಡ್ ಮುಂದೆ ಫೋಟೋ ಹೊಡೆಸಿಕೊಂಡ ಕಂಪನಿ ವಾರಕ್ಕೆ 2,000 ಕೈಯಿಂದ ಹಾಕುತ್ತಿರುತ್ತೆ. ಕಂಪನಿ ಬದುಕೋದು ಮಂಗಳವಾರದಿಂದ ಗುರುವಾರದ ಕಲೆಕ್ಷನ್ ಮೇಲೆ. ಪಾಸುಗಳನ್ನು ಇದರಲ್ಲಿ ಸೇರಿಸಿಲ್ಲ. ಪಾಸಿಗೂ ನಂಬರ್ ಹಾಕಿ, ದಿನಕ್ಕೆ ಇಷ್ಟೇ ಅಂತ ಮಿತಿ ಇಡಿ, ಗೇಟಿನಲ್ಲಿ ಹರಿದ ತುಂಡು ಎಣಿಸಿ. ಮುಂದಿನ ಎರಡು ಸಾಲು ಪಾಸಿನವರೇ ಕೂತರೆ ಜಾಸ್ತಿ ದರದ ಟಿಕೆಟ್ ಮಾರೋಕೆ ಜಾಗವೇ ಇರಲ್ಲ.

ನಿಮ್ಮ ರೈತನ ನಾಟಕದ ತೊಂದರೆ ಇರೋದು ವಿಷಯದಲ್ಲಲ್ಲ, 18 ಪಾತ್ರದಲ್ಲಿ. ಒಬ್ಬ ಕಲಾವಿದನಿಗೆ ಪಗಾರ, ಊಟ ಸೇರಿ ದಿನಕ್ಕೆ 1,050. 45 ದಿನಕ್ಕೆ 47,250, ಅಂದರೆ 473 ಟಿಕೆಟ್. ಆರು ಜನ ಜಾಸ್ತಿ ಆದರೆ 2,83,500. ಬ್ಯಾಂಕ್ ಮ್ಯಾನೇಜರ್, ದಲಾಲ, ಡಾಕ್ಟರ್, ಪಂಚಾಯ್ತಿ ಸದಸ್ಯ ನಾಲ್ಕೂ ಬೇರೆ ಬೇರೆ ಜನವೇ ಆಗಬೇಕಾ ಅಂತ ಬರೆದವರ ಜೊತೆ ಕೂತು ಕೇಳಿ. ಒಬ್ಬರೇ ಎರಡು ಪಾತ್ರ ಮಾಡೋದಾದರೆ ನಡುವೆ ಎರಡು ದೃಶ್ಯವಾದರೂ ಇರಲಿ. ಗಡ್ಡ ತೆಗೆದ ಮೇಲೆ ಅಂಟು ಒರೆಸೋಕೂ ಹೊತ್ತು ಹಿಡಿಯುತ್ತೆ, ಹಾಗಾಗಿ ಗಡ್ಡದ ಪಾತ್ರ ಎರಡನೆಯದಾಗಿ ಬರಲಿ. 18ನ್ನು 12ಕ್ಕೆ ಇಳಿಸಿದರೆ ನಿಮ್ಮ ಅರ್ಧ ಜಗಳ ಅಲ್ಲೇ ಮುಗೀತು.

ಪರದೆಹಿಂದೆ

ಮೇಲಿನ ಲೆಕ್ಕ ಸರಿ. ಹಾಸ್ಯದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ‘ಹಾಸ್ಯ ಕಡಿಮೆ’ ಅಂದದ್ದೇ ನನಗೆ ಭಯ ಹುಟ್ಟಿಸಿತು.

ಕಂಪನಿ ನಾಟಕದ ಕಟ್ಟು ಗಮನಿಸಿ. ಹಾಸ್ಯದ ದೃಶ್ಯ ನಡೆಯೋದು ಮುಂದಿನ ಬೀದಿ ಪರದೆ (ಬೀದಿಯ ಚಿತ್ರ ಬರೆದ ಪರದೆ) ಎದುರು, ಐದಾರು ಅಡಿ ಜಾಗದಲ್ಲಿ. ಅದೇ ಹೊತ್ತಿಗೆ ಹಿಂದೆ ನಾಲ್ಕು ಜನ ಮನೆ ಸೆಟ್ಟಿನ ಫ್ರೇಮ್ ಬಿಚ್ಚಿ, ಮಂಚ ಹೊತ್ತು, ಆಸ್ಪತ್ರೆಯ ಫ್ರೇಮ್ ನಿಲ್ಲಿಸಿ ಹಗ್ಗ ಬಿಗೀತಿರ್ತಾರೆ. ಜನ ನಗುತ್ತಿದ್ದರೆ ಹಿಂದಿನ ಸುತ್ತಿಗೆ ಸದ್ದು ಕೇಳಲ್ಲ. ಹಾಸ್ಯ ಕಿತ್ತು ಹಾಕಿದರೆ ಆ ಜಾಗದಲ್ಲಿ ಉಳಿಯೋದು ನಾಲ್ಕು ನಿಮಿಷದ ಕತ್ತಲೆ. ಹಿಂದಿನ ಬೆಂಚಿನವರು ಆಗಲೇ ಎದ್ದು ಮಿರ್ಚಿ-ಮಂಡಕ್ಕಿ ಅಂಗಡಿಗೆ ಹೋಗೋದು, ಮತ್ತೆ ಎಲ್ಲರೂ ವಾಪಸ್ ಬರಲ್ಲ.

ಹಾಗಾಗಿ ಹೀಗೆ ಮಾಡಿ. ಮೊದಲು ಪ್ರತಿ ಸೆಟ್ಟು ಬದಲಾವಣೆಯನ್ನು ಗಡಿಯಾರ ಹಿಡಿದು ಅಳೆಯಿರಿ. ಮನೆಯಿಂದ ಆಸ್ಪತ್ರೆಗೆ 4 ನಿಮಿಷ ಬೇಕಾದರೆ ಮುಂದಿನ ದೃಶ್ಯ 5 ನಿಮಿಷ ಇರಲಿ, 12 ಬೇಡ. ಆ ದೃಶ್ಯದಲ್ಲಿರೋ ಹಾಸ್ಯದ ಜೋಡಿಗೆ ಕಥೆಯಲ್ಲೇ ಕೆಲಸ ಕೊಡಿ. ನಿಮ್ಮ ನಾಟಕದಲ್ಲಿ ಎಪಿಎಂಸಿ ಇರಲೇಬೇಕಲ್ಲ, ಅಲ್ಲಿನ ಹಮಾಲಿ ಮತ್ತು ತೂಕದವನನ್ನು ಜೋಡಿ ಮಾಡಿ. ತೇವಾಂಶ ಜಾಸ್ತಿ ಅಂತ ಮುರಿದುಕೊಳ್ಳೋದು, ತೂಕದಲ್ಲಿ ಕಡಿಯೋದು, ಇವೆಲ್ಲ ಇಲ್ಲಿಯ ಪ್ರೇಕ್ಷಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಕ್ಕೂ ನಗ್ತಾನೆ, ಮುಂದಿನ ದೃಶ್ಯದ ಸಾಲಕ್ಕೆ ಕಾರಣವೂ ಸಿಗುತ್ತೆ.

ಡಬಲ್ ಮೀನಿಂಗ್ ಬಗ್ಗೆ: ಸಂಜೆ ಆಟ, ರಾತ್ರಿ ಆಟದ ಕಲೆಕ್ಷನ್ ಬೇರೆ ಬೇರೆ ಬರೆದಿಡಿ. ಅಶ್ಲೀಲ ಜಾಸ್ತಿ ಆದಾಗ ಶನಿವಾರದ ರಾತ್ರಿ ಆಟ ಏರುತ್ತೆ, ಪಾಲುದಾರರು ಖುಷಿ ಆಗ್ತಾರೆ. ಬೀಳೋದು ವಾರದ ನಡುವಿನ ಸಂಜೆ ಆಟ. ಒಬ್ಬ ಹೆಣ್ಣುಮಗಳು ಬರೋದು ನಿಲ್ಲಿಸಿದರೆ ಮನೆಯ ನಾಲ್ಕು ಟಿಕೆಟ್ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ರೋಗ, ಹಾಸ್ಯಗಾರರ ಸ್ವಂತ ಸೇರಿಕೆ. ಚಪ್ಪಾಳೆ ಬಿದ್ದ ಕಡೆ ದಿನಕ್ಕೊಂದು ಮಾತು ಸೇರಿ ಎರಡೂವರೆ ಗಂಟೆಯ ನಾಟಕ ಮೂರೂಕಾಲು ಆಗುತ್ತೆ. ಪ್ರಾಂಪ್ಟರ್ (ಮರೆಯಿಂದ ಮಾತು ನೆನಪಿಸೋನು) ಕೈಲಿರೋ ಪ್ರತಿಯಲ್ಲಿ ಪ್ರತಿ ದೃಶ್ಯದ ಎದುರು ನಿಮಿಷ ಬರೆದಿರಲಿ. ಹೊಸ ಮಾತು ಉಳಿಸಿಕೊಳ್ಳಬೇಕಾದರೆ ಮರುದಿನ ಬೆಳಗ್ಗೆ ನಿರ್ದೇಶಕರು ಕೇಳಿ ಪ್ರತಿಯಲ್ಲಿ ಸೇರಿಸಲಿ, ಇಲ್ಲವಾದರೆ ಅದು ಸತ್ತಂತೆ. ಹಾಸ್ಯಗಾರನಿಗೆ ಕಲೆಕ್ಷನ್ನಿನಲ್ಲಿ ಪರ್ಸೆಂಟ್ ಕೊಡಲೇಬೇಡಿ. ಕೊಟ್ಟ ದಿನದಿಂದ ನಾಟಕದ ನಿರ್ದೇಶಕ ಅವನೇ.

ಕೋಟೆ_ಬಾಗಿಲು

ಚಿತ್ರದುರ್ಗದಿಂದ ಒಂದು ಭಿನ್ನಾಭಿಪ್ರಾಯ. ಇಬ್ಬರೂ ಎಲ್ಲವನ್ನೂ ಕ್ಯಾಂಪಿನೊಳಗೇ ಸರಿದೂಗಿಸೋಕೆ ನೋಡ್ತಿದ್ದೀರಿ. ಗಂಭೀರ ನಾಟಕವನ್ನು ಸಾಕಬೇಕಾದ್ದು ಗುತ್ತಿಗೆ ಆಟ.

ಹಳ್ಳಿ ಜಾತ್ರೆ ಕಮಿಟಿಯವರು ಒಂದು ರಾತ್ರಿಗೆ 45,000 ಕೊಡ್ತಾರೆ ಅನ್ನಿ. ಮೇಲಿನ ಲೆಕ್ಕದಲ್ಲಿ ಜಾಗ, ಕರೆಂಟು, ಪ್ರಚಾರ ಕಳೆದರೆ ನಿಮ್ಮ ಜನರ ಖರ್ಚು 20,300, ಟೆಂಪೋ 9,000. ಉಳಿಯೋದು 15,700. ಅದಕ್ಕೆ ಕಾಮಿಡಿ ನಾಟಕ ಕೊಂಡೊಯ್ಯಿರಿ, ಸೆಟ್ಟು ಕಡಿಮೆ, ಒಂದೇ ಗಾಡಿ ಸಾಕು. ಉಳಿದದ್ದರಲ್ಲಿ ಪ್ರತಿ ಆಟಕ್ಕೆ 5,000 ಹೊಸ ನಾಟಕದ ಖಾತೆಗೆ ಹೋಗಲಿ, ಬೇರೆ ಬ್ಯಾಂಕ್ ಖಾತೆಗೆ. ಒಂದೇ ಡಬ್ಬಿಯಲ್ಲಿದ್ದರೆ ಲಾರಿ ಬಾಡಿಗೆಗೆ ಹೋಗುತ್ತೆ. 20 ಆಟಕ್ಕೆ ಒಂದು ಲಕ್ಷ.

ಗುತ್ತಿಗೆ ಪತ್ರದಲ್ಲಿ ಇವಿಷ್ಟು ಇರಲಿ: ಅರ್ಧ ಮುಂಗಡ, ಉಳಿದದ್ದು ಪರದೆ ಏಳುವ ಮೊದಲು. ವೇದಿಕೆ 30 × 20 ಅಡಿಗೆ ಕಡಿಮೆ ಇಲ್ಲ. ಕರೆಂಟು ಯಾರದು. ಮಳೆ ಬಂದರೆ ಮುಂಗಡ ವಾಪಸ್ಸೋ, ಬೇರೆ ದಿನವೋ. ನಾಟಕದ ನಡುವೆ ಸನ್ಮಾನ ಇಲ್ಲ. ಇದನ್ನು ಬರೆಯದಿದ್ದರೆ ಎರಡನೇ ಅಂಕಕ್ಕೆ ಮುಂಚೆ ಹದಿನೈದು ಜನರಿಗೆ ಶಾಲು ಹೊದಿಸ್ತಾರೆ, ಆಮೇಲೆ ಯಾವ ರೈತನ ದುಃಖವೂ ತಲೆಗೆ ಹೋಗಲ್ಲ.

ಕ್ಯಾಂಪಿನ ಹೊತ್ತು-ಊರು ಸರಿಯಾಗಿ ಆರಿಸಿಕೊಳ್ಳಿ. ಮೆಕ್ಕೆಜೋಳದ ದುಡ್ಡು ಕೈಗೆ ಬರೋದು ದೀಪಾವಳಿ ಆಸುಪಾಸು, ಆಮೇಲೆ ಜಗಳೂರು, ಹರಪನಹಳ್ಳಿ ಕಡೆ ಹೋಗಿ. ಚಳ್ಳಕೆರೆ ಕಡೆ ಶೇಂಗಾ ಮುಗಿದ ಮೇಲೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಫಾಲ್ಗುಣದಲ್ಲಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದನ್ನೇ ನೆಚ್ಚಿಕೊಂಡು ವಾರ್ಷಿಕ ಲೆಕ್ಕ ಹಾಕಬೇಡಿ. ಬಾದಾಮಿ ಬನಶಂಕರಿ ಜಾತ್ರೆಗೆ ಮೊದಲ ವರ್ಷವೇ ಹೋಗಬೇಡಿ. ಅಲ್ಲಿ ಸಾಲಾಗಿ ಕಂಪನಿಗಳು ಇಳಿದಿರ್ತವೆ, ಹೆಸರಿಲ್ಲದ ಕಂಪನಿ ಪೋಸ್ಟರ್‌ನಲ್ಲೇ ಸೋಲುತ್ತೆ.

‘ಒಳ್ಳೆ ನಾಟಕ ಅಂದ್ರೆ ನಷ್ಟ’ ಅಂತ ನಿಮ್ಮ ಪಾಲುದಾರರು ಹೇಳಬಹುದು, ಅದಕ್ಕೊಂದು ಉತ್ತರ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅದು ಕಲ್ಪನೆಯೂ ಹೌದು, ಊರೆಲ್ಲ ಸಾರುವ ಜಾಹೀರಾತೂ ಹೌದು. ಇನ್ನೊಂದು ದಾರಿ ಸಾಣೇಹಳ್ಳಿಯದು. ಅಲ್ಲಿನ ಶಿವಸಂಚಾರ ನಾಟಕ ತಂಡ 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿ ರಾಜ್ಯ ಸುತ್ತುತ್ತಿದೆ. ಆದರೆ ಅದರ ಬೆನ್ನಿಗೆ ಮಠ ಇದೆ, ಟಿಕೆಟ್ ಗಲ್ಲಾ ಮೇಲೆ ನಿಂತದ್ದಲ್ಲ. ಅದನ್ನು ತೋರಿಸಿ ನಿಮ್ಮ ಪಾಲುದಾರರನ್ನು ಒಪ್ಪಿಸೋಕೆ ಹೋಗಬೇಡಿ, ಹೋಲಿಕೆ ಕೂಡಲ್ಲ.

ಹೊಸಪರದೆ_ದಾವಣಗೆರೆ

ಬಹಳ ಉಪಯೋಗ ಆಯ್ತು. 18 ಪಾತ್ರವನ್ನು 13ಕ್ಕೆ ಇಳಿಸಬಹುದು ಅಂತ ಬರೆದವರು ಒಪ್ಪಿದ್ದಾರೆ. ಹಮಾಲಿ ಜೋಡಿಯೂ ಅವರಿಗೆ ಹಿಡಿಸಿದೆ. ಕಾಗದಪತ್ರದ್ದು ಯಾರಾದರೂ ಹೇಳ್ತೀರಾ? ಪಾಲುದಾರಿಕೆ ಪತ್ರದಲ್ಲಿ ಸದ್ಯಕ್ಕೆ ‘ಬಹುಮತದ ತೀರ್ಮಾನ’ ಅಂತಷ್ಟೇ ಇದೆ. ನಾಟಕದ ಮಧ್ಯೆ ಸಿನಿಮಾ ಹಾಡಿನ ಟ್ರ್ಯಾಕ್ ಹಾಕೋದಕ್ಕೂ ಏನಾದರೂ ಬೇಕಾ?

ಕರಾರುಪತ್ರ

ನಾಲ್ಕು ಪಾಲುದಾರರಲ್ಲಿ ಬಹುಮತ ಅಂದರೆ ಎರಡು-ಎರಡಕ್ಕೆ ನಿಂತುಹೋಗುತ್ತದೆ. ನಿಮ್ಮಲ್ಲಿ ಈಗ ಆಗಿರುವುದೂ ಅದೇ ಇರಬೇಕು. ವಿಷಯವಾರು ಹಂಚಿ ಬರೆಯಿರಿ: ನಾಟಕದ ಆಯ್ಕೆ, ಪಾತ್ರ ಹಂಚಿಕೆ, ಮಾತಿನ ತಿದ್ದುಪಡಿ ನಿರ್ದೇಶಕರದು. ಊರು, ದಿನ, ಟಿಕೆಟ್ ದರ, ಪಾಸು ಮ್ಯಾನೇಜರದು. ಪ್ರತಿ ನಾಟಕಕ್ಕೆ ಸೆಟ್ಟು, ಉಡುಪು, ತಾಲೀಮಿನ ಖರ್ಚಿನ ಮಿತಿಯನ್ನು ತಾಲೀಮಿಗೆ ಮುಂಚೆಯೇ ನಾಲ್ವರೂ ಸಹಿ ಹಾಕಿ ನಿಗದಿಮಾಡಿ. ಮಿತಿಯೊಳಗೆ ನಿರ್ದೇಶಕರನ್ನು ಯಾರೂ ಕೇಳುವಂತಿಲ್ಲ, ಮಿತಿ ದಾಟಿದರೆ ಮ್ಯಾನೇಜರ್ ಸಹಿ ಇಲ್ಲದೆ ಒಂದು ರೂಪಾಯಿಯೂ ಇಲ್ಲ.

ನಾಟಕ ಬರೆದವರಿಂದ ಹಕ್ಕು ಬರೆಸಿಕೊಳ್ಳುವಾಗ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಓದುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ. ಬೇರೆ ಮಾತು ಬರೆದಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷ ಬಳಸದೆ ಇಟ್ಟರೆ ಅದು ಹೋಗುತ್ತದೆ. ‘ಮುಂದಿನ ಸೀಸನ್ನಿಗೆ ನೋಡೋಣ’ ಎಂದು ಗಂಭೀರ ನಾಟಕವನ್ನು ಪೆಟ್ಟಿಗೆಯಲ್ಲಿಡುವವರು ಇದನ್ನು ನೆನಪಿಡಿ. ಯೂಟ್ಯೂಬ್ ಹಕ್ಕನ್ನು ಪ್ರತ್ಯೇಕವಾಗಿ ಬರೆಯಿರಿ.

ಸಿನಿಮಾ ಹಾಡು ನುಡಿಸಿ ಹಾಡಿಸಿದರೆ ಸಾಹಿತ್ಯ-ಸಂಗೀತಕ್ಕೆ ಐಪಿಆರ್‌ಎಸ್ (ಹಾಡು ಬರೆದವರ, ರಾಗ ಕಟ್ಟಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಬೇಕು. ರೆಕಾರ್ಡ್ ಆದ ಟ್ರ್ಯಾಕ್ ಹಾಕಿದರೆ ಧ್ವನಿಮುದ್ರಣದ ಹಕ್ಕುದಾರರ ಪರವಾನಗಿಯೂ ಬೇಕು. ನಿಮ್ಮಲ್ಲಿ ಮೂರು ಜನ ವಾದ್ಯದವರಿದ್ದಾರೆ, ಸ್ವಂತ ರಂಗಗೀತೆ ಕಟ್ಟಿಸಿ. ಅದು ಅಗ್ಗವೂ ಹೌದು, ನಿಮ್ಮದೂ ಹೌದು.

ತೆರಿಗೆ: ಒಬ್ಬರಿಗೆ 500 ರೂಪಾಯಿವರೆಗಿನ ನಾಟಕದ ಪ್ರವೇಶಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಗುತ್ತಿಗೆ ಆಟ ಪ್ರವೇಶ ಟಿಕೆಟ್ ಅಲ್ಲ, ವರ್ಷದ ವಹಿವಾಟು 20 ಲಕ್ಷದ ಹತ್ತಿರ ಬರುವ ಮೊದಲೇ ಆಡಿಟರ್ ಬಳಿ ಕೂರಿ. ಕಲಾವಿದರಿಗೆ ಒಂದೇ ದಿನ ಒಬ್ಬರಿಗೆ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದನ್ನು ಖರ್ಚೆಂದು ತೋರಿಸಲು ಆಗುವುದಿಲ್ಲ. ಮುಂಗಡವನ್ನು ಮೂರು ಕಂತು ಮಾಡಿ ಖಾತೆಗೇ ಹಾಕಿ: ಒಪ್ಪಂದದ ದಿನ, ತಾಲೀಮು ಮುಗಿದಾಗ, ಕ್ಯಾಂಪಿನ ಹತ್ತನೇ ದಿನ. ಪೂರ್ತಿ ಮುಂಗಡ ತೆಗೆದುಕೊಂಡವರು ಜಾತ್ರೆ ಹೊತ್ತಿಗೆ ಪಕ್ಕದ ಕಂಪನಿಯ ಪೋಸ್ಟರ್‌ನಲ್ಲಿ ಸಿಗುತ್ತಾರೆ.

ಸ್ಥಳೀಯ ಸಂಸ್ಥೆ, ಪೊಲೀಸ್, ಅಗ್ನಿಶಾಮಕ, ಬೆಸ್ಕಾಂನ ತಾತ್ಕಾಲಿಕ ಸಂಪರ್ಕ, ಇವು ನಿಮಗೆ ಗೊತ್ತಿರುತ್ತವೆ. ಮರೆಯುವುದು ಧ್ವನಿವರ್ಧಕದ ನಿಯಮ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸರ್ಕಾರ ಸಡಿಲಿಸಬಹುದು. ತಗಡಿನ ಥೇಟರನ್ನು ಮುಚ್ಚಿದ ಸಭಾಂಗಣ ಎಂದು ವಾದಿಸುವುದು ಕಷ್ಟ.

ಪರದೆಹಿಂದೆ

ಕರಾರುಪತ್ರ ಸರ್ ಹೇಳಿದ ಕೊನೇ ಮಾತಿಂದ ನಿಮ್ಮ ಆಟದ ವೇಳೆಯೇ ಬದಲಾಗಬೇಕು. 6.15ಕ್ಕೆ ಶುರುವಾದ ಎರಡೂವರೆ ಗಂಟೆ ನಾಟಕ 8.45ಕ್ಕೆ ಮುಗಿಯುತ್ತೆ, ಎರಡನೇ ಆಟ 10ರೊಳಗೆ ಮುಗಿಯೋ ಮಾತೇ ಇಲ್ಲ. ವಾರದ ದಿನ ಒಂದೇ ಆಟ ಆಡಿ, ಶನಿವಾರ-ಭಾನುವಾರ ಮಧ್ಯಾಹ್ನ 2.30ಕ್ಕೆ ಇನ್ನೊಂದು. ಒಂದೇ ಆಟ ಆದರೆ ಕಲಾವಿದರ ಗಂಟಲೂ ಉಳಿಯುತ್ತೆ, ಬೆಳಗ್ಗೆ ಎರಡನೇ ನಾಟಕದ ತಾಲೀಮಿಗೆ ಹೊತ್ತೂ ಸಿಗುತ್ತೆ.

ಲೆಕ್ಕದ_ಪುಸ್ತಕ

ನಾಟಕ ಯಾವಾಗ ಇಳಿಸಬೇಕು ಅನ್ನೋದು ಹಾಗೇ ಉಳೀತು. ಹೊಸ ನಾಟಕಕ್ಕೆ 14 ದಿನ ಮೊದಲೇ ಮೀಸಲಿಡಿ, ನಡುವೆ ಯಾರೂ ಬಾಯಿ ಹಾಕಬಾರದು. ಮೊದಲ ಶನಿವಾರ-ಭಾನುವಾರ ಬಂದವರು ಪೋಸ್ಟರ್ ನೋಡಿ ಬಂದವರು, ಆ ಅಂಕಿ ನಾಟಕದ ಬಗ್ಗೆ ಏನೂ ಹೇಳಲ್ಲ. ಮೊದಲ ವಾರದ ಮಂಗಳ-ಬುಧ-ಗುರು ಒಟ್ಟು ಮತ್ತು ಎರಡನೇ ವಾರದ ಅದೇ ಮೂರು ದಿನದ ಒಟ್ಟು ಪಕ್ಕಪಕ್ಕ ಬರೆಯಿರಿ. ಮೊದಲ ವಾರ 330, ಎರಡನೇ ವಾರ 400 ಆಗಿದ್ದರೆ ಬಾಯಿಮಾತು ಹರಡ್ತಿದೆ. ಖರ್ಚು ಹುಟ್ಟದಿದ್ದರೂ ಇನ್ನೊಂದು ವಾರ ಓಡಿಸಿ. 330 ಇದ್ದದ್ದು 250ಕ್ಕೆ ಇಳಿದರೆ, ಭಾನುವಾರ ಎಷ್ಟೇ ತುಂಬಿದ್ದರೂ, ಗುರುವಾರದ ಆಟ ಮುಗಿದ ಮೇಲೆ ಬದಲಿಸಿ. ಶುಕ್ರವಾರ ರಜೆ ಇಟ್ಟು ಸೆಟ್ಟು ಬದಲಾಯಿಸಿ, ಶನಿವಾರ ಕಾಮಿಡಿ ಹಾಕಿದರೆ ಪ್ರಚಾರದ ಆಟೋಗೂ ಊರು ಸುತ್ತೋಕೆ ಒಂದು ಪೂರ್ತಿ ದಿನ ಸಿಗುತ್ತೆ.

 ಹೋಲಿಸೋ ಆ ದಿನಗಳಲ್ಲಿ ಸಂತೆ, ಮಳೆ, ಕ್ರಿಕೆಟ್ ಮ್ಯಾಚ್ ಏನಿತ್ತು ಅಂತ ಕಲೆಕ್ಷನ್ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿರಿ.