ಅಪ್ಪನ ಟ್ರಂಕಿನಲ್ಲಿರುವ ಮೂಳೆಗಳು ಯಾರವು?

ಚಾಮರಾಜಪೇಟೆಯವಳು:
ಮನೆ ಕೆಡವಿಸುವ ಮೊದಲು ಅಟ್ಟ ಖಾಲಿ ಮಾಡುವಾಗ ಅಪ್ಪನ ತಗಡಿನ ಟ್ರಂಕು ಸಿಕ್ಕಿತು. ಒಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಮನುಷ್ಯರ ಮೂಳೆಗಳು. 1974ರಲ್ಲಿ ಎಂಬಿಬಿಎಸ್ ಸೇರಿದಾಗ ಸೀನಿಯರ್ ಒಬ್ಬರಿಂದ ಕೊಂಡ ಅರ್ಧ ಸೆಟ್ಟು. ಮೇಲೆಲ್ಲ ಅಪ್ಪನೇ ಎಳೆದ ಕೆಂಪು, ನೀಲಿ ಗೆರೆಗಳು. ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬರೋಣ ಎನ್ನುತ್ತಾಳೆ ಅಮ್ಮ. ಸಂಕಲ್ಪದಲ್ಲಿ ಹೆಸರಿಲ್ಲದಿದ್ದರೆ ಹೋಗಲಿ, ಗಂಡೋ ಹೆಣ್ಣೋ ಎಂದಾದರೂ ಹೇಳಬೇಡವೇ ಎಂಬುದು ಅವಳ ಚಿಂತೆ. ಮೂಳೆ ನೋಡಿದರೆ ಗೊತ್ತಾಗುತ್ತದೆಯೇ?

ನಿವೃತ್ತ ಅನಾಟಮಿ ಮೇಷ್ಟ್ರು:
ಕೆಂಪು ಗೆರೆ ಸ್ನಾಯು ಹೊರಡುವ ಜಾಗ, ನೀಲಿ ಅದು ಹೋಗಿ ಸೇರುವ ಜಾಗ. ನಿಮ್ಮ ತಂದೆ ಶ್ರದ್ಧೆಯಿಂದ ಓದಿದ್ದಾರೆ.

ತಲೆಬುರುಡೆ ಇದ್ದರೂ ಮೊದಲು ಸೊಂಟದ ಮೂಳೆಯನ್ನು ಕೇಳಿ. ಅದರ ಹಿಂಬದಿಯಲ್ಲಿ ದೊಡ್ಡದೊಂದು ಕಚ್ಚು ಇರುತ್ತದೆ. ಅಲ್ಲಿ ಹೆಬ್ಬೆರಳಿಡಿ. ಬಿಗಿಯಾಗಿ ಕೂತರೆ ಬಹುಮಟ್ಟಿಗೆ ಗಂಡು, ಅತ್ತಿತ್ತ ಆಡಿಸಲು ಬಂದರೆ ಹೆಣ್ಣು. ವಯಸ್ಸಿಗೆ ಕೊರಳೆಲುಬಿನ ಎದೆಯ ಕಡೆಯ ತುದಿ ನೋಡಿ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿ ಬೇರೆ ತುಂಡಾಗಿದ್ದು, ಆಮೇಲೆ ನಡುಭಾಗಕ್ಕೆ ಬೆಸೆಯುತ್ತದೆ. ಉದ್ದ ಮೂಳೆಗಳ ತುದಿಗಳೆಲ್ಲ ಬೆಸೆದ ಮೇಲೆ, ಕೊನೆಗೆ, ಮೂವತ್ತರ ಹೊತ್ತಿಗೆ ಬೆಸೆಯುವುದು ಅದು. (ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ತಪ್ಪದೆ ಮರೆಯುತ್ತಿದ್ದ ಉತ್ತರ.)

ಇನ್ನೊಂದು ಮಾತು. ಅರ್ಧ ಸೆಟ್ಟು ಒಬ್ಬರದೇ ಎಂದುಕೊಳ್ಳಬೇಡಿ. ಕೈಯಿಂದ ಕೈಗೆ ಹೋಗುವಾಗ ಕಳೆದದ್ದಕ್ಕೆ ಬದಲು ಬೇರೆಯದನ್ನು ಸೇರಿಸುತ್ತಿದ್ದರು. ತೊಡೆಮೂಳೆಯ ಗುಂಡನ್ನು ಸೊಂಟದ ಬಟ್ಟಲಿನಲ್ಲಿ ಕೂರಿಸಿ ನೋಡಿ.

ಗಾಂಧಿಬಜಾರಿನ ಹಳಬ:
ಆ ಕಾಲದಲ್ಲಿ ಮೂಳೆ ಎಂದರೆ ಕೋಲ್ಕತ್ತ. 1985ರಲ್ಲಿ ರಫ್ತು ನಿಷೇಧವಾಗುವವರೆಗೆ ಪರದೇಶದ ವೈದ್ಯ ಕಾಲೇಜುಗಳಿಗೂ ಅಸ್ಥಿಪಂಜರಗಳು ಅಲ್ಲಿಂದಲೇ ಹೋಗುತ್ತಿದ್ದವು. ಅವರಲ್ಲಿ ಎಷ್ಟು ಜನರನ್ನು ಯಾರು ಒಪ್ಪಿಗೆ ಕೇಳಿದ್ದರು? ನನ್ನ ಮತ ಅಮ್ಮನ ಕಡೆಗೆ. ಹಿತ್ತಲಲ್ಲಿ ಮಾತ್ರ ಹೂಳಬೇಡಿ, ನಾಳೆ ಪಾಯ ತೋಡುವವರ ಗುದ್ದಲಿಗೆ ಸಿಕ್ಕರೆ ಪೊಲೀಸರು ಬಂದು ನಿಲ್ಲುತ್ತಾರೆ.

ನಿವೃತ್ತ ಅನಾಟಮಿ ಮೇಷ್ಟ್ರು:
ನದಿಗೆ ಬಿಟ್ಟರೂ ಅದೇ ಕಥೆ, ಬೇಸಿಗೆಯಲ್ಲಿ ಕಾವೇರಿ ಎಷ್ಟು ಹರಿಯುತ್ತಾಳೆ ಹೇಳಿ. ಹತ್ತಿರದ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದವರನ್ನು ಮೊದಲು ವಿಚಾರಿಸಿ.

ಚಾಮರಾಜಪೇಟೆಯವಳು:
ನಡುಮನೆಯಲ್ಲಿ ಚಾಪೆ ಹಾಸಿ ನೋಡಿದೆವು. ಕಚ್ಚಿನಲ್ಲಿ ಹೆಬ್ಬೆರಳು ಸಲೀಸಾಗಿ ಆಡಿತು. ಹೆಣ್ಣು ಎಂದೆ, ಅಮ್ಮ ಕುಂಕುಮದ ಬಟ್ಟಲು ತಂದಳು. ಆಮೇಲೆ ತೊಡೆಮೂಳೆ ಇಟ್ಟರೆ ಗುಂಡು ಬಟ್ಟಲಿಗಿಂತ ದಪ್ಪ, ಒಳಗೆ ಹೋಗಲೇ ಇಲ್ಲ. ಕೊರಳೆಲುಬಿನ ತುದಿ ಇನ್ನೂ ಬೆಸೆದಿಲ್ಲ, ಅದು ಈ ಇಬ್ಬರಲ್ಲಿ ಯಾರದೋ, ಮೂರನೆಯವರದೋ. ಅಮ್ಮ ಕುಂಕುಮ ಹಿಡಿದುಕೊಂಡೇ ಕೇಳಿದಳು: "ಹಾಗಾದರೆ ಇಷ್ಟು ವರ್ಷ ನಮ್ಮ ಅಟ್ಟದಲ್ಲಿ ಎಷ್ಟು ಜನ ಇದ್ದರೇ?"